ತಂತಿ ಎಳೆದವನ ತಪ್ಪೆಷ್ಟು?

1998ರ ಮೇ ತಿಂಗಳಲ್ಲಿ ಜರ್ಮನಿಯ ಮ್ಯೂನಿಕ್ ನಗರದ ನ್ಯಾಯಾಲಯವೊಂದು ಫೆಲಿಕ್ಸ್ ಸೊಮ್ ಎಂಬುವರಿಗೆ ಎರಡು ವರ್ಷಗಳ ಸಜೆ ವಿಧಿಸಿತು. ಸಜೆಯನ್ನು ಅಮಾನತಿನಲ್ಲಿಟ್ಟದ್ದರಿಂದ ಅವರು ಜೈಲಿಗೆ ಹೋಗುವುದು ತಪ್ಪಿತು. ಮಕ್ಕಳ ಅಶ್ಲೀಲ ಚಿತ್ರಗಳು ಹರಡಲು ನೆರವಾದರು ಎಂಬುದು ಅವರ ಮೇಲಿನ ಆರೋಪ. ಸೊಮ್ ಅಂಥ ಚಿತ್ರ ತೆಗೆದವರಲ್ಲ, ಹಂಚಿದವರಲ್ಲ, ಮಾರಿದವರೂ ಅಲ್ಲ. ಕಂಪ್ಯೂಸರ್ವ್ ಎಂಬ ಅಮೆರಿಕದ ಕಂಪನಿಯ ಜರ್ಮನ್ ಅಂಗಸಂಸ್ಥೆಗೆ ಮುಖ್ಯಸ್ಥರಾಗಿದ್ದರು. ಚಿತ್ರಗಳಿದ್ದ ಸರ್ವರ್‌ಗಳು ಅಮೆರಿಕದಲ್ಲಿದ್ದವು. ವಿಚಾರಣೆಯ ಕೊನೆಗೆ ಸರ್ಕಾರಿ ವಕೀಲರೇ ಎದ್ದುನಿಂತು, ಇವರನ್ನು ಖುಲಾಸೆ ಮಾಡಬೇಕೆಂದು ಕೇಳಿಕೊಂಡರು. ನ್ಯಾಯಾಧೀಶರು ಒಪ್ಪಲಿಲ್ಲ. ಮರುವರ್ಷ ನವೆಂಬರ್‌ನಲ್ಲಿ ಮೇಲಿನ ಕೋರ್ಟು ತೀರ್ಪನ್ನು ರದ್ದು ಮಾಡಿತು.

ಈ ಕಥೆಗೆ ಇನ್ನೊಂದು ಮುಖವಿದೆ. 1995ರ ಡಿಸೆಂಬರ್‌ನಲ್ಲಿ, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಅಧಿಕಾರಿಗಳು ತನಿಖೆ ಶುರುಮಾಡಿದ ಕೂಡಲೇ, ಕಂಪನಿ ಹೆದರಿ ಸುಮಾರು 200 ಚರ್ಚಾ ಗುಂಪುಗಳಿಗೆ ಬೀಗ ಹಾಕಿತು. ಜರ್ಮನಿಯ ಗ್ರಾಹಕರನ್ನು ಮಾತ್ರ ಬೇರೆಮಾಡುವ ವ್ಯವಸ್ಥೆ ಆಗ ಅದರ ಬಳಿ ಇರಲಿಲ್ಲ. ಹಾಗಾಗಿ ಜಗತ್ತಿನಾದ್ಯಂತ ಇದ್ದ ಸುಮಾರು 40 ಲಕ್ಷ ಚಂದಾದಾರರಿಗೂ ಆ ಗುಂಪುಗಳು ಮುಚ್ಚಿಹೋದವು. ಅವುಗಳಲ್ಲಿ ಅಶ್ಲೀಲತೆಗೂ ತಮಗೂ ಸಂಬಂಧವೇ ಇಲ್ಲದ ಗುಂಪುಗಳೂ ಇದ್ದವು. ಒಂದು ನಗರದ ಪೊಲೀಸರ ಅಂಜಿಕೆ ಭೂಮಂಡಲದ ಓದುಗರ ಮೇಲೆ ಬಿತ್ತು.

ಮೂರು ದಶಕ ಕಳೆದರೂ ಪ್ರಶ್ನೆ ಹಾಗೇ ಇದೆ. ಬಾಡಿಗೆ ಮನೆಯ ಹುಡುಗನೊಬ್ಬ ಹೊಸ ಸಿನಿಮಾವನ್ನು ಕದ್ದು ಇಳಿಸಿಕೊಳ್ಳುತ್ತಾನೆ. ಇನ್ನೊಬ್ಬ ಹೆಣ್ಣುಮಗಳೊಬ್ಬಳ ಖಾಸಗಿ ಚಿತ್ರವನ್ನು ಹರಿಬಿಡುತ್ತಾನೆ. ಮತ್ತೊಬ್ಬ ಸಿಬಿಐ ಅಧಿಕಾರಿಯ ವೇಷದಲ್ಲಿ ವಿಡಿಯೊ ಕರೆ ಮಾಡಿ ನಿವೃತ್ತ ಮೇಷ್ಟ್ರ ಉಳಿತಾಯವನ್ನೆಲ್ಲ ದೋಚುತ್ತಾನೆ. ಮೂರೂ ನಡೆದದ್ದು ಯಾವುದೋ ಕಂಪನಿ ಕೊಟ್ಟ ಕನೆಕ್ಷನ್ನಿನ ಮೂಲಕ. ಆ ಕಂಪನಿ ತಿಂಗಳ ಬಾಡಿಗೆಯನ್ನೂ ಎಣಿಸಿಕೊಂಡಿದೆ. ಹಾಗಾದರೆ ಪಾಪದಲ್ಲಿ ಅದಕ್ಕೂ ಪಾಲಿದೆಯೇ?

ನಮ್ಮ ಹಳ್ಳಿಗಳ ನೀರುಗಂಟಿ ಕೆರೆಯ ತೂಬೆತ್ತಿ ಗದ್ದೆಗಳಿಗೆ ನೀರು ಹಾಯಿಸುತ್ತಾನೆ. ಆ ನೀರಿನಲ್ಲಿ ಯಾರೋ ಕಬ್ಬಿನ ನಡುವೆ ಗಾಂಜಾ ಬೆಳೆದರೆ ಪೊಲೀಸರು ನೀರುಗಂಟಿಯನ್ನು ಹಿಡಿದೊಯ್ಯುವುದಿಲ್ಲ. ಆದರೆ ತೂಬು ಬಿರುಕು ಬಿಟ್ಟಿದೆ ಎಂದು ಊರವರು ಬಂದು ಹೇಳಿದ ಮೇಲೂ ಸುಮ್ಮನಿದ್ದು ಗದ್ದೆ ಕೊಚ್ಚಿಹೋದರೆ ಉತ್ತರ ಕೊಡಬೇಕಾದವನು ಅವನೇ. ಇಂಟರ್‌ನೆಟ್ ಸೇವಾದಾರರ ಹೊಣೆಯನ್ನೂ ಹೀಗೆಯೇ ಅಳೆಯಬೇಕು ಎಂಬುದು ಈ ಲೇಖನದ ನಿಲುವು. ಗ್ರಾಹಕ ಮಾಡಿದ್ದಕ್ಕೆ ಗ್ರಾಹಕ ಹೊಣೆ, ಕಂಪನಿ ತಾನು ಮಾಡಿದ್ದಕ್ಕೆ ಮತ್ತು ಮಾಡಬೇಕಾಗಿದ್ದು ಮಾಡದೆ ಬಿಟ್ಟದ್ದಕ್ಕೆ ತಾನೇ ಹೊಣೆ. ಕೇಳಲು ಸರಳವಾದ ಈ ಗೆರೆಯನ್ನು ಎಳೆಯಲು ಹೋದ ನ್ಯಾಯಾಲಯಗಳು ಎಷ್ಟು ಕಷ್ಟಪಟ್ಟಿವೆ ಎಂಬುದು ಮುಂದಿನ ಪ್ರಕರಣಗಳಿಂದ ತಿಳಿಯುತ್ತದೆ.

ಮೊದಲು, ಸೇವಾದಾರನಿಗೆ ನಿಜಕ್ಕೂ ಏನು ಕಾಣುತ್ತದೆ ಎಂದು ನೋಡಬೇಕು. ನಾವು ಕಳಿಸುವ ಮಾತು, ಚಿತ್ರ, ವಿಡಿಯೊ ಎಲ್ಲವೂ ಸಣ್ಣ ಸಣ್ಣ ತುಣುಕುಗಳಾಗಿ ಒಡೆದು ಸಾಗುತ್ತವೆ. ಪ್ರತಿ ತುಣುಕಿನ ಮೇಲೂ ಹೊರಟ ವಿಳಾಸ, ಸೇರಬೇಕಾದ ವಿಳಾಸ ಇರುತ್ತದೆ. ಕಂಪನಿಯ ಯಂತ್ರಗಳು ಓದುವುದು ಮುಖ್ಯವಾಗಿ ಈ ವಿಳಾಸವನ್ನು. ಒಳಗಿನ ಸರಕು ಇಂದು ಬಹುಪಾಲು ಗೂಢಲಿಪಿಯಲ್ಲಿರುತ್ತದೆ. ಬ್ಯಾಂಕಿನ ಜಾಲತಾಣಕ್ಕೆ ಹೋದದ್ದು ಕಂಪನಿಗೆ ತಿಳಿಯಬಹುದು, ಅಲ್ಲಿ ಎಷ್ಟು ಹಣ ಯಾರಿಗೆ ಕಳಿಸಿದಿರಿ ಎಂಬುದು ತಿಳಿಯುವುದಿಲ್ಲ. ವಾಟ್ಸ್ಆ್ಯಪ್ ಬಳಸಿದ್ದು ಗೊತ್ತಾಗಬಹುದು, ಬರೆದದ್ದು ಗೊತ್ತಾಗುವುದಿಲ್ಲ. ಗ್ರಾಹಕರ ಮೇಲೆ ಕಣ್ಣಿಡಬೇಕು ಎಂದು ಸೇವಾದಾರರನ್ನು ಒತ್ತಾಯಿಸುವವರು ಈ ಗೂಢಲಿಪಿಯನ್ನು ಒಡೆಯಬೇಕು ಎಂದೂ ಹೇಳಬೇಕಾಗುತ್ತದೆ. ಒಡೆದರೆ ಕಳ್ಳನ ಜೊತೆಗೆ ಎಲ್ಲರ ಮನೆಯ ಬಾಗಿಲೂ ತೆರೆದುಕೊಳ್ಳುತ್ತದೆ.

ವಿಷಯವನ್ನು ತನ್ನ ಸರ್ವರಿನಲ್ಲಿ ಇಟ್ಟುಕೊಂಡಿರುವ ಕಂಪನಿಯ ಸ್ಥಿತಿ ಬೇರೆ. ಅದು ಬೇಕೆಂದಾಗ ಅಳಿಸಬಲ್ಲದು. ಐರೋಪ್ಯ ಒಕ್ಕೂಟ 2000ದಲ್ಲಿ ಮಾಡಿದ ಇ-ಕಾಮರ್ಸ್ ನಿರ್ದೇಶನ ಈ ವ್ಯತ್ಯಾಸವನ್ನೇ ಕಾನೂನಿನ ಬುನಾದಿಯನ್ನಾಗಿ ಮಾಡಿಕೊಂಡಿತು. ಬರೀ ಸಾಗಿಸುವವನಿಗೆ ಹೆಚ್ಚು ರಕ್ಷಣೆ, ಇರಿಸಿಕೊಂಡವನಿಗೆ ಷರತ್ತಿನ ರಕ್ಷಣೆ.

ಇರಿಸಿಕೊಂಡವನು ಸುಮ್ಮನಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಲಾರೆನ್ಸ್ ಗಾಡ್‌ಫ್ರೆ ಪ್ರಕರಣ ಒಳ್ಳೆಯ ಉದಾಹರಣೆ. ಗಾಡ್‌ಫ್ರೆ ಭೌತವಿಜ್ಞಾನದ ಅಧ್ಯಾಪಕರು. 1997ರ ಜನವರಿಯಲ್ಲಿ ಅವರ ಹೆಸರಿನಲ್ಲಿ ಯಾರೋ ಚರ್ಚಾ ಗುಂಪೊಂದರಲ್ಲಿ ಅಸಹ್ಯ ಬರಹವೊಂದನ್ನು ಹಾಕಿದರು. ಅದು ನನ್ನದಲ್ಲ, ತೆಗೆಯಿರಿ ಎಂದು ಗಾಡ್‌ಫ್ರೆ ಅದನ್ನು ತನ್ನ ಸರ್ವರಿನಲ್ಲಿ ಇಟ್ಟುಕೊಂಡಿದ್ದ ಡೆಮನ್ ಇಂಟರ್‌ನೆಟ್ ಕಂಪನಿಗೆ ಬರೆದರು. ಕಂಪನಿ ತೆಗೆಯಲಿಲ್ಲ, ಬರಹ ಮತ್ತೆ ಹತ್ತು ದಿನ ಅಲ್ಲೇ ಇತ್ತು. ನಾವು ಬರೆದವರಲ್ಲ ಎಂಬ ಕಂಪನಿಯ ವಾದವನ್ನು 1999ರಲ್ಲಿ ಹೈಕೋರ್ಟು ತಳ್ಳಿಹಾಕಿತು. ಗೊತ್ತಾಗಿತ್ತು, ತೆಗೆಯುವ ಶಕ್ತಿಯೂ ಇತ್ತು, ಆದರೂ ತೆಗೆಯಲಿಲ್ಲ. ಮರುವರ್ಷ ಕಂಪನಿ 15 ಸಾವಿರ ಪೌಂಡ್ ಪರಿಹಾರ ಮತ್ತು ವ್ಯಾಜ್ಯದ ಖರ್ಚು ಕೊಟ್ಟು ರಾಜಿಯಾಯಿತು. ಆ ತೀರ್ಪು ನ್ಯಾಯವಾದದ್ದು. ಅನ್ಯಾಯವಾಗಿ ಹೆಸರು ಕೆಟ್ಟವನು ಬಾಗಿಲು ತಟ್ಟಿದಾಗ ಓಗೊಡಬೇಕಾದುದು ಕನಿಷ್ಠ ಸೌಜನ್ಯ.

ಬರೀ ತಂತಿ ಎಳೆದವನ ವಿಷಯಕ್ಕೆ ಬಂದರೆ, ಆಸ್ಟ್ರೇಲಿಯಾದ ಐಐನೆಟ್ ಪ್ರಕರಣದಷ್ಟು ಸ್ಪಷ್ಟವಾಗಿ ಈ ಪ್ರಶ್ನೆಯನ್ನು ಬಿಡಿಸಿದ ವ್ಯಾಜ್ಯ ಬಹುಶಃ ಮತ್ತೊಂದಿಲ್ಲ. ಪರ್ತ್ ನಗರದಲ್ಲಿ ಮೈಕೆಲ್ ಮಲೋನ್ ಎಂಬ ತರುಣ 1993ರಲ್ಲಿ ಮನೆಯ ಗ್ಯಾರೇಜಿನಲ್ಲಿ ಶುರುಮಾಡಿದ ಕಂಪನಿ ಅದು. ಹತ್ತು ಹದಿನೈದು ವರ್ಷಗಳಲ್ಲಿ ದೇಶದ ದೊಡ್ಡ ಸೇವಾದಾರರಲ್ಲಿ ಒಂದಾಗಿ ಬೆಳೆದಿತ್ತು. 2008ರ ನವೆಂಬರ್‌ನಲ್ಲಿ ರೋಡ್‌ಶೋ ಫಿಲ್ಮ್ಸ್ ಸೇರಿದಂತೆ 34 ಸಿನಿಮಾ ಮತ್ತು ಟೀವಿ ಕಂಪನಿಗಳು ಒಟ್ಟಾಗಿ ಅದರ ಮೇಲೆ ದಾವೆ ಹೂಡಿದವು. ಹಾಲಿವುಡ್‌ನ ದೊಡ್ಡ ಸ್ಟುಡಿಯೊಗಳೂ ಅವುಗಳಲ್ಲಿದ್ದವು. ಐಐನೆಟ್ ಗ್ರಾಹಕರು ಬಿಟ್‌ಟೊರೆಂಟ್ ಬಳಸಿ ಸಿನಿಮಾಗಳನ್ನು ಹಂಚಿಕೊಳ್ಳುತ್ತಿದ್ದಾರೆ, ವಾರವಾರವೂ ಐಪಿ ವಿಳಾಸಗಳ ಪಟ್ಟಿ ಕಳಿಸಿದರೂ ಕಂಪನಿ ಕದಲಲಿಲ್ಲ ಎಂಬುದು ದೂರು.

ಮಲೋನ್ ತಂಡದ ಉತ್ತರ ನೇರವಾಗಿತ್ತು. ಬಿಟ್‌ಟೊರೆಂಟ್ ನಮ್ಮದಲ್ಲ, ಸಿನಿಮಾ ನಮ್ಮ ಸರ್ವರಿನಲ್ಲಿಲ್ಲ. ತಪ್ಪು ನಡೆದಿದೆ ಎಂದಾದರೆ ಪೊಲೀಸರಿಗೆ, ಕೋರ್ಟಿಗೆ ಹೇಳಿ. ಯಾರೋ ಖಾಸಗಿಯವರು ಕಳಿಸಿದ ಪಟ್ಟಿ ನೋಡಿ ನಮ್ಮ ಗ್ರಾಹಕನನ್ನು ಅಪರಾಧಿ ಎನ್ನಲಾರೆವು. 2010ರಲ್ಲಿ ಫೆಡರಲ್ ಕೋರ್ಟಿನಲ್ಲಿ ಐಐನೆಟ್ ಗೆದ್ದಿತು. 2011ರಲ್ಲಿ ಮೇಲ್ಮನವಿಯಲ್ಲೂ ಇಬ್ಬರು ನ್ಯಾಯಮೂರ್ತಿಗಳು ಅದರ ಪರ ನಿಂತರು, ಒಬ್ಬರು ಭಿನ್ನಮತ ಬರೆದರು. 2012ರ ಏಪ್ರಿಲ್ 20ರಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನ ಐವರೂ ಒಂದೇ ಮಾತಿನಲ್ಲಿ ಸಿನಿಮಾ ಕಂಪನಿಗಳ ಮನವಿಯನ್ನು ವಜಾ ಮಾಡಿದರು.

ತೀರ್ಪಿನ ತರ್ಕ ಗಮನಿಸುವಂಥದ್ದು. ಗ್ರಾಹಕನನ್ನು ತಡೆಯಲು ಐಐನೆಟ್ ಕೈಯಲ್ಲಿದ್ದ ಅಸ್ತ್ರ ಒಂದೇ, ಕನೆಕ್ಷನ್ ಕತ್ತರಿಸುವುದು. ಅಷ್ಟು ಮಾಡಿದರೂ ಆತ ಪಕ್ಕದ ಕಂಪನಿಯಿಂದ ಇನ್ನೊಂದು ಕನೆಕ್ಷನ್ ಪಡೆಯುತ್ತಾನೆ. ಪಟ್ಟಿ ಕಳಿಸಿದವರು ಆ ವಿವರಗಳನ್ನು ಹೇಗೆ ಕಲೆಹಾಕಿದರು ಎಂದು ತಿಳಿಸಿರಲಿಲ್ಲ. ಅಂಥ ಪಟ್ಟಿಯನ್ನು ನಂಬಿ ಗುತ್ತಿಗೆ ಮುರಿದರೆ, ನಾಳೆ ಗ್ರಾಹಕ ತಿರುಗಿ ಕಂಪನಿಯ ಮೇಲೇ ಮೊಕದ್ದಮೆ ಹೂಡಬಹುದು. ಜೊತೆಗೆ ಒಂದು ಕನೆಕ್ಷನ್ ಎಂದರೆ ಒಬ್ಬ ಮನುಷ್ಯನಲ್ಲ. ಅಪ್ಪನ ಹೆಸರಿನ ಬಿಲ್ಲಿನಲ್ಲಿ ಮಗಳು ಓದುತ್ತಿರುತ್ತಾಳೆ, ಮಗ ಕೆಲಸ ಮಾಡುತ್ತಿರುತ್ತಾನೆ, ಅಜ್ಜಿ ಮೊಮ್ಮಗುವಿನ ಮುಖ ನೋಡುತ್ತಿರುತ್ತಾಳೆ. ಒಬ್ಬನ ತಪ್ಪಿಗೆ ಮನೆಯವರೆಲ್ಲರ ನೆಟ್ ಕಡಿಯುವುದು ಶಿಕ್ಷೆಯ ಯಾವ ನೀತಿಗೂ ಒಪ್ಪುವುದಿಲ್ಲ.

ಮೂರು ವರ್ಷಗಳ ನಂತರ ಅದೇ ಕಂಪನಿ ಮತ್ತೆ ಕೋರ್ಟಿನಲ್ಲಿ ನಿಂತಿತು. 'ಡಲ್ಲಾಸ್ ಬಯರ್ಸ್ ಕ್ಲಬ್' ಚಿತ್ರದ ಹಕ್ಕುದಾರರು 4,726 ಐಪಿ ವಿಳಾಸಗಳ ಹಿಂದಿರುವ ಗ್ರಾಹಕರ ಹೆಸರು ಕೇಳಿದ್ದರು. 2015ರಲ್ಲಿ ನ್ಯಾಯಮೂರ್ತಿ ಪೆರಮ್ ಕೊಡಬಹುದು ಎಂದರು, ಆದರೆ ಗ್ರಾಹಕರಿಗೆ ಬರೆಯುವ ಪತ್ರವನ್ನು ಮೊದಲು ತಮಗೆ ತೋರಿಸಬೇಕೆಂದು ಷರತ್ತು ಹಾಕಿದರು. ಭಾರೀ ಮೊತ್ತ ಕೇಳಿ ಹೆದರಿಸುವ ಹುನ್ನಾರ ಕಂಡಾಗ ಆರು ಲಕ್ಷ ಆಸ್ಟ್ರೇಲಿಯನ್ ಡಾಲರ್ ಠೇವಣಿ ಇಡಿ ಎಂದರು. ಹಕ್ಕುದಾರರು ಕೊನೆಗೆ ಪ್ರಕರಣವನ್ನೇ ಕೈಬಿಟ್ಟರು. ಹಕ್ಕುದಾರನ ಅಹವಾಲು ಕೇಳುತ್ತಲೇ ಬಡಪಾಯಿ ಗ್ರಾಹಕನನ್ನೂ ಕಾಯುವ ಕೆಲಸವನ್ನು ನ್ಯಾಯಾಧೀಶರು ಮಾಡಬಲ್ಲರು. ಕಂಪನಿಯ ಕಾಲ್‌ಸೆಂಟರ್ ಮಾಡಲಾರದು.

ಅಮೆರಿಕದಲ್ಲಿ ಇದೇ ಪ್ರಶ್ನೆ ಬೇರೆ ದಾರಿ ಹಿಡಿಯಿತು. ಕಾಕ್ಸ್ ಕಮ್ಯುನಿಕೇಷನ್ಸ್ ಎಂಬ ಸೇವಾದಾರನ ಮೇಲೆ ಸೋನಿ ಮೊದಲಾದ ಸಂಗೀತ ಕಂಪನಿಗಳು ಹೂಡಿದ ದಾವೆಯಲ್ಲಿ 2019ರ ಡಿಸೆಂಬರ್‌ನಲ್ಲಿ ಜ್ಯೂರಿ 100 ಕೋಟಿ ಡಾಲರ್ ಪರಿಹಾರಕ್ಕೆ ಆದೇಶಿಸಿತು. ಗ್ರಾಹಕರು ಕದ್ದ ಕೃತಿಗಳ ಸಂಖ್ಯೆ 10,017. ಸುಮಾರು ಎರಡು ವರ್ಷಗಳಲ್ಲಿ 1,63,148 ದೂರು ಪತ್ರ ಬಂದಿದ್ದರೂ ಕಾಕ್ಸ್ ಕೃತಿಚೌರ್ಯಕ್ಕಾಗಿ ಕನೆಕ್ಷನ್ ಕಡಿದದ್ದು 32 ಗ್ರಾಹಕರದ್ದು ಮಾತ್ರ. ಅದೇ ಅವಧಿಯಲ್ಲಿ ಬಿಲ್ ಕಟ್ಟದವರ ಕನೆಕ್ಷನ್ ಕಡಿದದ್ದು ಆರು ಲಕ್ಷಕ್ಕೂ ಮೇಲೆ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಜ್ಯೂರಿಗೆ ಸಿಟ್ಟು ಬಂದದ್ದು ಸಹಜ. ಆದರೂ 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಪರಿಹಾರದ ಮೊತ್ತವನ್ನು ರದ್ದುಮಾಡಿತು. ಗ್ರಾಹಕ ಹಾಡು ಕದ್ದರೂ ಕದಿಯದಿದ್ದರೂ ಕಾಕ್ಸ್‌ಗೆ ಬರುವುದು ಅದೇ ತಿಂಗಳ ಬಾಡಿಗೆ, ಕಳ್ಳತನದಿಂದ ನೇರ ಲಾಭವಿಲ್ಲ ಎಂಬುದು ಅದು ಕೊಟ್ಟ ಕಾರಣಗಳಲ್ಲಿ ಒಂದು. ತಗಾದೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ 2025ರ ಡಿಸೆಂಬರ್‌ನಲ್ಲಿ ವಾದ ನಡೆಯಿತು. ಇಂಥ ಹೊಣೆ ಹೊರಿಸಿದರೆ ಆಸ್ಪತ್ರೆ, ವಿಶ್ವವಿದ್ಯಾಲಯ, ಹೋಟೆಲುಗಳ ಇಂಟರ್‌ನೆಟ್ಟನ್ನೂ ಕತ್ತರಿಸಬೇಕಾಗುತ್ತದೆ ಎಂಬುದು ಕಾಕ್ಸ್ ಮುಂದಿಟ್ಟ ವಾದ.

ಭಾರತದಲ್ಲಿ ಈ ವಿಷಯಕ್ಕೆ ಆಧಾರ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್. ಅದರ ಮೊದಲ ರೂಪ ಎಷ್ಟು ದುರ್ಬಲವಾಗಿತ್ತು ಎಂಬುದು ನಾಲ್ಕೇ ವರ್ಷಗಳಲ್ಲಿ ತಿಳಿಯಿತು. 2004ರ ನವೆಂಬರ್‌ನಲ್ಲಿ ಬಾಝೀ ಡಾಟ್ ಕಾಮ್ ಎಂಬ ಮಾರಾಟ ತಾಣದಲ್ಲಿ ವಿದ್ಯಾರ್ಥಿಯೊಬ್ಬ ಅಪ್ರಾಪ್ತರ ಖಾಸಗಿ ವಿಡಿಯೊವೊಂದನ್ನು 125 ರೂಪಾಯಿಗೆ ಮಾರಾಟಕ್ಕಿಟ್ಟ. ಕಂಪನಿ ಅದನ್ನು ತೆಗೆದದ್ದು ಸೋಮವಾರ ಬೆಳಿಗ್ಗೆ. ಅಷ್ಟರಲ್ಲಿ ವಾರಾಂತ್ಯದಲ್ಲಿ ಎಂಟು ಪ್ರತಿಗಳು ಮಾರಾಟವಾಗಿದ್ದವು. ಕಂಪನಿಯ ಮುಖ್ಯಸ್ಥ ಅವನೀಶ್ ಬಜಾಜ್ ತನಿಖೆಗೆ ಸಹಕರಿಸಲು ದೆಹಲಿಗೆ ಹೋದಾಗ ಪೊಲೀಸರು ಅವರನ್ನೇ ಬಂಧಿಸಿದರು. ಅವರು ಪ್ರಕರಣದಿಂದ ಪೂರ್ತಿ ಬಿಡುಗಡೆ ಹೊಂದಿದ್ದು 2012ರಲ್ಲಿ, ಸುಪ್ರೀಂ ಕೋರ್ಟಿನಲ್ಲಿ.

ಆ ಬಂಧನದ ಬಿಸಿಯೇ 2008ರ ತಿದ್ದುಪಡಿಗೆ ದಾರಿ ಮಾಡಿತು. 2009ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಹೊಸ 79ನೇ ಸೆಕ್ಷನ್ ಹೇಳುವುದು ಇಷ್ಟು. ಮಧ್ಯವರ್ತಿಯು (ಅಂದರೆ ಸೇವಾದಾರ ಅಥವಾ ಜಾಲತಾಣ) ರವಾನೆಯನ್ನು ತಾನೇ ಆರಂಭಿಸಿರಬಾರದು, ಯಾರಿಗೆ ತಲುಪಬೇಕೆಂದು ತಾನು ಆರಿಸಿರಬಾರದು, ಒಳಗಿನ ಮಾಹಿತಿಯನ್ನು ತಿದ್ದಿರಬಾರದು, ತಕ್ಕ ಎಚ್ಚರಿಕೆ ವಹಿಸಿರಬೇಕು. ಹಾಗಿದ್ದರೆ ಗ್ರಾಹಕನ ತಪ್ಪಿಗೆ ಅವನು ಹೊಣೆಯಲ್ಲ. ಅಪರಾಧದಲ್ಲಿ ಕೈಜೋಡಿಸಿದ್ದರೆ, ಅಥವಾ ನಿಜವಾಗಿ ತಿಳಿದ ಮೇಲೂ ತಡೆಯದಿದ್ದರೆ ರಕ್ಷಣೆ ಇಲ್ಲ.

ನಿಜವಾಗಿ ತಿಳಿಯುವುದು ಎಂದರೆ ಏನು? ದಾರಿಹೋಕ ಕಳಿಸಿದ ಇ-ಮೇಲ್ ಸಾಕೇ? 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿತು. ಕೋರ್ಟಿನ ಆದೇಶ ಅಥವಾ ಸರ್ಕಾರದ ಅಧಿಸೂಚನೆ ಬಂದಾಗಲೇ ಕಂಪನಿಗೆ ತಿಳಿಯಿತು ಎಂದರ್ಥ. ಕೋಟಿಗಟ್ಟಲೆ ಕೋರಿಕೆಗಳಲ್ಲಿ ಯಾವುದು ನ್ಯಾಯ, ಯಾವುದು ಅನ್ಯಾಯ ಎಂದು ತೂಗುವ ಕೆಲಸ ಖಾಸಗಿ ಕಂಪನಿಯದಲ್ಲ. ಆನ್‌ಲೈನ್ ಮಾತುಗಳಿಗೆ ಶಿಕ್ಷೆ ವಿಧಿಸುತ್ತಿದ್ದ 66ಎ ಸೆಕ್ಷನ್ ರದ್ದಾದದ್ದಕ್ಕೆ ಆ ತೀರ್ಪು ಹೆಸರಾಯಿತು, ಆದರೆ ದಿನನಿತ್ಯದ ಬದುಕಿನಲ್ಲಿ 79ನೇ ಸೆಕ್ಷನ್ನಿಗೆ ಅದು ಕೊಟ್ಟ ಅರ್ಥವೂ ಅಷ್ಟೇ ಬೆಲೆಯುಳ್ಳದ್ದು.

ಕೋರ್ಟಿನ ಆದೇಶವಿದ್ದರೂ ಅನಾಹುತವಾಗದು ಎಂದೇನಿಲ್ಲ. 2012ರಲ್ಲಿ 'ಕೊಲವೆರಿ' ಹಾಡಿನಿಂದ ಪ್ರಸಿದ್ಧವಾದ '3' ಚಿತ್ರದ ಪೈರಸಿ ತಡೆಯಲು ಮದ್ರಾಸ್ ಹೈಕೋರ್ಟು ಆದೇಶ ಕೊಟ್ಟಿತ್ತು. ಅನಾಮಧೇಯರ ವಿರುದ್ಧ ಹೊರಡಿಸುವ ಇಂಥ ಆದೇಶಕ್ಕೆ ವಕೀಲರು 'ಜಾನ್ ಡೋ' ಆದೇಶ ಎನ್ನುತ್ತಾರೆ. ಸೇವಾದಾರರು ರಗಳೆಯೇ ಬೇಡವೆಂದು ವಿಮಿಯೊದಂಥ ತಾಣಗಳನ್ನು ಇಡಿಯಾಗಿ ಮುಚ್ಚಿದರು. ತಿಂಗಳ ನಂತರ ಕೋರ್ಟೇ ಸ್ಪಷ್ಟಪಡಿಸಬೇಕಾಯಿತು: ಕದ್ದ ಚಿತ್ರವಿರುವ ನಿರ್ದಿಷ್ಟ ಕೊಂಡಿಯನ್ನು ಮುಚ್ಚಿ, ಇಡೀ ತಾಣವನ್ನಲ್ಲ. ಐದು ವರ್ಷ ಕಳೆದು, 2017ರ ಆಗಸ್ಟ್‌ನಲ್ಲಿ, ಹಿಂದಿ ಚಿತ್ರಗಳಿಗಾಗಿ ಪಡೆದ ಆದೇಶದ ಪಟ್ಟಿಯಲ್ಲಿ 2,600ಕ್ಕೂ ಹೆಚ್ಚು ತಾಣಗಳ ನಡುವೆ ಇಂಟರ್‌ನೆಟ್ ಆರ್ಕೈವ್ ಕೂಡ ಸೇರಿಹೋಯಿತು. ಅಂಗಡಿಗಳಲ್ಲಿ ಸಿಗದ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಸಂಶೋಧಕರು ಹುಡುಕುವುದು ಅಲ್ಲೇ. ಸಿನಿಮಾ ಕಳ್ಳತನಕ್ಕೂ ಶತಮಾನದ ಹಿಂದಿನ ಗ್ರಂಥಕ್ಕೂ ಏನು ಸಂಬಂಧ? ತಪ್ಪಿದರೆ ತನ್ನ ತಲೆಗೆ ಬರುತ್ತದೆ ಎಂಬ ಭಯವಿರುವ ಕಂಪನಿ ಈ ಪ್ರಶ್ನೆಯನ್ನು ಯಾವತ್ತೂ ಕೇಳುವುದಿಲ್ಲ. ಹೊಣೆಯನ್ನು ವಿಪರೀತ ಹೇರುವುದರ ಮೊದಲ ನಷ್ಟ ಆಗುವುದು ಹೀಗೆ, ಯಾವ ತಪ್ಪೂ ಮಾಡದ ಓದುಗನಿಗೆ.

ಸೇವಾದಾರ ಕೈತೊಳೆದುಕೊಳ್ಳಲಾಗದ ಜಾಗಗಳೂ ಇವೆ. ಅವುಗಳಲ್ಲಿ ಮುಖ್ಯವಾದುದು ಅವನ ದಾಖಲೆ. 2007ರ ಆಗಸ್ಟ್ ಕೊನೆಯಲ್ಲಿ ಪುಣೆಯ ಪೊಲೀಸರು ಬೆಂಗಳೂರಿನ ಯುವ ಎಂಜಿನಿಯರ್ ಒಬ್ಬರನ್ನು ಮನೆಯಿಂದ ಹಿಡಿದೊಯ್ದರು. ಆಗಿನ ಸಾಮಾಜಿಕ ಜಾಲತಾಣ ಆರ್ಕುಟ್‌ನಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದರೆಂಬುದು ಆರೋಪ. ಆಧಾರ, ಸೇವಾದಾರ ಕಂಪನಿ ಕೊಟ್ಟ ಐಪಿ ವಿಳಾಸದ ವಿವರ. ಆ ವಿವರ ತಪ್ಪಾಗಿತ್ತು. ಏನೂ ಮಾಡದ ಆ ಮನುಷ್ಯ 50 ದಿನ ಜೈಲಿನಲ್ಲಿ ಕಳೆದರು.

ಐಪಿ ವಿಳಾಸ ಮನೆಯ ನಂಬರಿನಂತೆ ಸ್ಥಿರವಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಬದಲಾಗಬಹುದು. ಬೆಳಿಗ್ಗೆ ಒಬ್ಬರದಾಗಿದ್ದ ವಿಳಾಸ ಸಂಜೆ ಇನ್ನೊಬ್ಬರ ಪಾಲಾಗಬಹುದು. ಹಳೆಯ ಐಪಿ ವ್ಯವಸ್ಥೆಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸಗಳು. ಜಗತ್ತಿನ ಸಾಧನಗಳಿಗೆ ಅವು ಸಾಲುವುದಿಲ್ಲ. ಹೀಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಏಕಕಾಲಕ್ಕೆ ಹಲವಾರು ಗ್ರಾಹಕರಿಗೆ ಹಂಚುತ್ತವೆ. ನಿಖರವಾದ ಸಮಯ ಮತ್ತು ಪೋರ್ಟ್ ಸಂಖ್ಯೆ ಇಲ್ಲದೆ ಬರೀ ಐಪಿ ವಿಳಾಸ ಹಿಡಿದು ಮನೆ ಬಾಗಿಲಿಗೆ ಹೋದರೆ ಪೊಲೀಸರು ಅಮಾಯಕನ ಬಾಗಿಲನ್ನೂ ತಟ್ಟಬಹುದು. ಯಾವ ವಿಳಾಸ ಯಾವಾಗ ಯಾರ ಬಳಿ ಇತ್ತು ಎಂಬ ಲಾಗ್‌ಗಳನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂದು ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಪರವಾನಗಿಗೆ ಷರತ್ತು ಸೇರಿಸಿತು. ಇಟ್ಟುಕೊಂಡರೆ ಸಾಲದು, ಸರಿಯಾಗಿ ಓದಿ ಕೊಡಬೇಕು. ತಪ್ಪು ಕೊಟ್ಟು ಒಬ್ಬನ ಬದುಕು ಕೆಡಿಸಿದರೆ ಆ ಹೊಣೆ ಪೂರ್ತಿ ಕಂಪನಿಯದೇ. ಅದು ಗ್ರಾಹಕ ಮಾಡಿದ ಅಪರಾಧವಲ್ಲ.

ಕೈತೊಳೆದುಕೊಳ್ಳಲಾಗದ ಇನ್ನೊಂದು ಜಾಗ, ಕಂಪನಿಯ ಜಾಲದೊಳಗೇ ನಡೆಯುವ ವಂಚನೆ. ವಿದೇಶದಿಂದ ಬಂದ ಕರೆ ಫೋನಿನಲ್ಲಿ ಭಾರತದ ನಂಬರಿನಂತೆ ಕಾಣುವುದು ಅಧಿಕಾರಿಗಳ ವೇಷದಲ್ಲಿ ಹೆದರಿಸಿ ಹಣ ದೋಚುವ 'ಡಿಜಿಟಲ್ ಅರೆಸ್ಟ್' ವಂಚಕರ ಮುಖ್ಯ ತಂತ್ರಗಳಲ್ಲಿ ಒಂದು. ಕರೆ ಯಾವ ದೇಶದ ಕಡೆಯಿಂದ ಒಳಬಂತು ಎಂಬುದು ದೂರಸಂಪರ್ಕ ಕಂಪನಿಗೆ ಗೊತ್ತು, ಮಾತು ಕದ್ದು ಕೇಳಬೇಕಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ಇಂಥ ಕರೆಗಳನ್ನು ಗಡಿಯಲ್ಲೇ ತಡೆಯುವ ವ್ಯವಸ್ಥೆ ಜಾರಿಗೆ ಬಂದಾಗ ಮೊದಲ 24 ಗಂಟೆಗಳಲ್ಲೇ ಸುಮಾರು 1.35 ಕೋಟಿ ಕರೆಗಳನ್ನು ತಡೆಯಲಾಯಿತು ಎಂದು ಸರ್ಕಾರ ಹೇಳಿತು. ಕಂಪನಿಯ ಕೈಯಲ್ಲಿ ನಿಜವಾಗಿ ಇರುವ ಕೀಲಿ ಇಂಥದ್ದು. ಇದನ್ನು ಇನ್ನೂ ಮೊದಲೇ ತಿರುಗಿಸಿದ್ದರೆ ಎಷ್ಟೋ ಹಿರಿಯರ ಹಣ ಉಳಿಯುತ್ತಿತ್ತು.

ಈಗ ಗಾಳಿ ಬೀಸುತ್ತಿರುವುದು ಮಧ್ಯವರ್ತಿಗಳ ಮೇಲೆ ಹೆಚ್ಚು ಒತ್ತಡ ಹೇರುವ ಕಡೆಗೆ. ಆದೇಶ ಬಂದ ಮೇಲೆ ವಿಷಯವನ್ನು ತೆಗೆಯಲು 2021ರ ನಿಯಮಗಳು 36 ಗಂಟೆ ಕೊಟ್ಟಿದ್ದವು. 2026ರ ಫೆಬ್ರುವರಿಯ ತಿದ್ದುಪಡಿ ಅದನ್ನು ಮೂರು ಗಂಟೆಗೆ ಇಳಿಸಿತು. ಕೇಂದ್ರ ಗೃಹ ಇಲಾಖೆಯ 'ಸಹಯೋಗ್' ಪೋರ್ಟಲ್ ಮೂಲಕ ಅಧಿಕಾರಿಗಳು ನೇರವಾಗಿ ಕಂಪನಿಗಳಿಗೆ ಸೂಚನೆ ಕಳಿಸಬಹುದು. ಇದನ್ನು ಪ್ರಶ್ನಿಸಿ ಎಕ್ಸ್ ಕಾರ್ಪ್ ಸಲ್ಲಿಸಿದ್ದ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ವಜಾಗೊಳಿಸಿದರು. ಸಾಮಾಜಿಕ ಮಾಧ್ಯಮಕ್ಕೆ ಲಗಾಮು ಬೇಕು ಎಂಬ ಕಾಳಜಿ ಆ ತೀರ್ಪಿನ ಹಿಂದಿದೆ. ಖಾಸಗಿ ಚಿತ್ರ ಹರಿದಾಡುತ್ತಿರುವ ಹೆಣ್ಣುಮಗಳಿಗೆ ಪ್ರತಿ ನಿಮಿಷವೂ ನರಕವಾದ್ದರಿಂದ ಅವಸರಕ್ಕೆ ಕಾರಣವಿದೆ. ಆದರೆ ರಾಜಕೀಯ ಟೀಕೆಯೂ ಅದೇ ಮೂರು ಗಂಟೆಯ ಗಡುವಿಗೆ ಸಿಕ್ಕಿಬಿದ್ದರೆ, ಯೋಚಿಸಿ ನಿರ್ಧರಿಸಲು ಕಂಪನಿಗೆ ಸಮಯವೂ ಇಲ್ಲ, ಕಾರಣವೂ ಇಲ್ಲ. ಬವೇರಿಯಾದ ತನಿಖೆಗೆ ಹೆದರಿದ ಕಂಪನಿ ಮಾಡಿದ್ದನ್ನೇ ಎಲ್ಲರೂ ಮಾಡುತ್ತಾರೆ: ಮೊದಲು ಮುಚ್ಚುತ್ತಾರೆ.

ಓದುಗರಿಗೂ ಇದರಲ್ಲಿ ಪಾಲಿದೆ. 2008ರ ಅಹಮದಾಬಾದ್ ಸ್ಫೋಟಗಳ ವೇಳೆ ಭಯೋತ್ಪಾದಕರು ಕಳಿಸಿದ ಇ-ಮೇಲ್ ನವಿ ಮುಂಬೈಯ ಮನೆಯೊಂದರ ಬೀಗವಿಲ್ಲದ ವೈಫೈ ಮೂಲಕ ಹೋಗಿತ್ತು. ಆ ಮನೆಯಲ್ಲಿದ್ದವರು ತಮಗೂ ಇದಕ್ಕೂ ಸಂಬಂಧವಿಲ್ಲವೆಂದು ಪೊಲೀಸರ ಮುಂದೆ ರುಜುವಾತು ಮಾಡಬೇಕಾಯಿತು. ರೂಟರಿಗೆ ಗಟ್ಟಿ ಪಾಸ್‌ವರ್ಡ್ ಹಾಕಿಕೊಳ್ಳಿ. ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಒಂದು ತಾಣ ತೆರೆಯದೆ ಹೋದರೆ ಯಾವ ಆದೇಶದ ಮೇಲೆ, ಯಾವ ಕಾರಣಕ್ಕೆ ಎಂದು ನಿಮ್ಮ ಸೇವಾದಾರನನ್ನು ಬರವಣಿಗೆಯಲ್ಲಿ ಕೇಳಿ. ಉತ್ತರ ಕೊಡುವುದನ್ನು ಕಾನೂನು ಕಡ್ಡಾಯ ಮಾಡಬೇಕು, ಮುಚ್ಚಿದ ಪ್ರತಿ ತಾಣದ ಆದೇಶವೂ ಸಾರ್ವಜನಿಕರ ಕೈಗೆ ಸಿಗಬೇಕು ಎಂದು ನಿಮ್ಮ ಸಂಸದರಿಗೆ ಬರೆಯಿರಿ.